ಖಾಲಿ ಕರಡಿಗೆ

ಫಸಲಿ ವರ್ಷ ೧೩೩೧, ಖುರ್ದಾದ ತಿಂಗಳು ೧೧. ಬೀದರ, ಚಿದ್ರಿ. ಬೆಳಿಗ್ಗೆ

ಸ್ನಾನ, ಲಿಂಗಪೂಜೆ, ಎರಡು ರೊಟ್ಟಿ. ಕೊರಳಲ್ಲಿ ಲಿಂಗ ಇಡುವ ಬೆಳ್ಳಿ ಕರಡಿಗೆಯ ಮುಚ್ಚಳ ಇನ್ನೂ ಸಡಿಲವೇ. ಪತ್ತಾರನಿಗೆ ಕೊಡಿ ಎಂದು ಗುರಮ್ಮ ಮೂರು ಸಲ ಹೇಳಿದಳು. ಹೆಂಡತಿ ಹೇಳಿದ್ದನ್ನೆಲ್ಲ ಮಾಡುತ್ತ ಕೂತರೆ ದಫ್ತರಕ್ಕೆ ಹೋಗುವುದು ಯಾವಾಗ? ದಾರ ಸುತ್ತಿದ್ದೇನೆ, ಸಾಕು.

ಆರು ದಿನದ ರಜಾ ಮಂಜೂರು. ನಮ್ಮ ಸಾಹೇಬರು ಕುಟುಂಬ ಸಮೇತ ಊರೂರು ಸುತ್ತುವ ಸೈರಿಗೆ ಹೋಗಿಬಂದು ತಿಂಗಳಿಡೀ ಅದನ್ನೇ ಕೊರೆದರು. ನಾವೇನು ಕಮ್ಮಿ? ಗುಡ್ಡ, ಭಾಲ್ಕಿ, ಔರಾದ. ಮದುವೆಯಾಗಿ ಎರಡು ವರ್ಷ, ಇವಳು ಬಾವಿಯ ದಾರಿ ಬಿಟ್ಟು ಬೇರೆ ನೋಡಿಲ್ಲ.

ಖುರ್ದಾದ ೧೨. ಖಟಕ ಚಿಂಚೋಳಿ. ಸಂಜೆ

ಥೂ, ಯಾರು ಹೇಳಿದರು ಇದಕ್ಕೆ ಸೈರು ಎಂದು! ಬಾಯಿ ತುಂಬ ಧೂಳು. ಬಂಡಿ ಹೊಡೆಯುವ ಉಸ್ಮಾನ ಮಿಯಾ ಪಾನು ಉಗುಳುತ್ತಾನೆ, ಗಾಳಿ ಅದನ್ನು ನಮ್ಮ ಕಡೆಯೇ ತರುತ್ತದೆ. ಗುಡ್ಡವೆಂದರೆ ಕೆಂಪು ಮುರುಮು, ಮುಳ್ಳುಕಂಟಿ, ನೊಣ. ಗುರಮ್ಮ ಮಾತ್ರ ಬರಿಗಾಲಲ್ಲಿ ಓಡಾಡಿ ಕವಳಿಹಣ್ಣು ಕಿತ್ತಳು. ನನ್ನ ಅಂಗಿ ಕಂಟಿಗೆ ಸಿಕ್ಕಿತು. ಜಗ್ಗಿದೆ, ಜಾರಿದೆ, ಕೂತುಬಿಟ್ಟೆ.

ಇಲ್ಲಿ ಮಲ್ಲಿಕಾರ್ಜುನಪ್ಪನೆಂಬ ರೈತನ ಮನೆಯಲ್ಲಿ ಊಟ. ಕಂಬಳಿ ಮರೆಮಾಡಿ ಪೂಜೆಗೆ ಕೂತೆ. ಕರಡಿಗೆಯ ದಾರ ಹರಿದಿತ್ತು. ತೆರೆದೆ — ಖಾಲಿ. ಲಿಂಗ ಇಲ್ಲ.

ಲಿಂಗ ಕಳೆದರೆ ಅದು ಸಿಗುವವರೆಗೆ, ಇಲ್ಲವೇ ಗುರುಗಳು ಬೇರೆ ಕಟ್ಟುವವರೆಗೆ ಅನ್ನ ಮುಟ್ಟಬಾರದು. ನಮ್ಮಲ್ಲಿ ಕೂಸಿಗೂ ಗೊತ್ತು. ಹೊರಗೆ ಹತ್ತು ಜನ. ಸೀಕರಣೆಯ ವಾಸನೆ. ಬೆಳಗಿನಿಂದ ಉಪವಾಸ... ಪೂಜೆ ಮಾಡುವವನ ಹಾಗೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂತೆ. ವಿಭೂತಿ ಬಳಿದುಕೊಂಡು ಹೊರಗೆ ಬಂದೆ. ಉಂಡೆ. ಎರಡನೇ ಸಲ ಸೀಕರಣೆ ಹಾಕಿಸಿಕೊಂಡೆ. ಈ ನಾಲಗೆಗೆ ಬೆಂಕಿ ಬೀಳಲಿ.

ಗುರಮ್ಮ ಉಣ್ಣಲಿಲ್ಲ. ಹಸಿವಿಲ್ಲವಂತೆ.

ಖುರ್ದಾದ ೧೩. ಭಾಲ್ಕಿ

ಇವಳ ಸೋದರತ್ತೆ ಲಲಿತಾಬಾಯಿಯ ಮನೆ. ತಿಗಣೆ. ಉಪ್ಪುನೀರು. ಮುದುಕಿಗೆ ಬಾಯಿಗೆ ಬಿಡುವಿಲ್ಲ. ಕಮಠಾಣದಲ್ಲಿ ಒಬ್ಬನ ಲಿಂಗ ಬಾವಿಗೆ ಬಿತ್ತಂತೆ. ಎರಡು ದಿನ ಗುಟುಕು ನೀರು ಮುಟ್ಟದೆ ದಂಡೆಯಲ್ಲೇ ಕೂತನಂತೆ, ಎತ್ತಿಕೊಟ್ಟ ಮೇಲೆ ಎದ್ದನಂತೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ನಾನು ಕರಡಿಗೆ ಮುಟ್ಟಿಕೊಂಡೆ.

ಗುರಮ್ಮ ಬರೀ ಮಜ್ಜಿಗೆ ಕುಡಿದಳು. ಏನಿದು ಹಟ! ಇವಳಿಗಾಗಿ ಇಷ್ಟು ದೂರ ಬಂದರೆ ಮೋರೆ ಊದಿಸಿಕೊಂಡು ಕೂತಿದ್ದಾಳೆ. ನೋಡಿದರೆ ಹೇಸಿಕೆ. ನಾನು ಮೂರು ರೊಟ್ಟಿ ತಿಂದೆ.

ಖುರ್ದಾದ ೧೫. ಔರಾದ. ಮಧ್ಯಾಹ್ನ

ನಿನ್ನೆ ಬರೆಯಲಿಲ್ಲ. ನಿನ್ನೆಯೂ ಉಂಡೆ, ಅಷ್ಟೇ.

ಮಾಂಜ್ರಾ ಹೊಳೆ ದಾಟುವಾಗ, ಇಳಿದು ಬಂಡಿಯ ಮುಂದೆ ನಡೆಯುತ್ತಿದ್ದ ಗುರಮ್ಮ ಮೊಣಕಾಲು ನೀರಿನಲ್ಲಿ ಕುಸಿದಳು. ಉಸ್ಮಾನ ಮಿಯಾ ಬಂಡಿಯಿಂದ ಜಿಗಿದು ಎತ್ತುಗಳನ್ನು ಹಿಡಿದ, ಇಲ್ಲದಿದ್ದರೆ ಗಾಲಿ ಹಾಯುತ್ತಿತ್ತು. ನಾನು ಬೈದೆ. ಮೂರು ದಿನ ಉಣ್ಣದೆ ಯಾರಿಗೆ ತೋರಿಸುತ್ತೀ ಎಂದೆ. ದಂಡೆಗೆ ಬಂದು ಸೆರಗಿನ ಗಂಟು ಬಿಚ್ಚಿದಳು. ಒಳಗೆ ನನ್ನ ಲಿಂಗ.

"ಮುಳ್ಳಕಂಟಿ ಬುಡಕ ಬಿದ್ದಿತ್ರಿ. ನಿಮ್ಮ ಹಿಂದ ಬರ್ತಿದ್ದೆ, ಸಿಕ್ತು. ಪೂಜಿಗಿ ಕೂತಾಗ ಕರೀತೀರಿ, ಕೊಡಬೇಕಂತ ಕಂಬಳಿ ಹೊರಗ ನಿಂತಿದ್ದೆ. ನೀವು ಎದ್ದು ಬಂದು ಉಂಡ್ರಿ."

ಆಗಲೇ ಯಾಕೆ ಹೇಳಲಿಲ್ಲ ಎಂದೆ. ಎಷ್ಟು ನಾಚಿಕೆಗೇಡಿ ನಾನು, ಆಗಲೂ ತಪ್ಪು ಅವಳದೇ.

"ನೀವು ಹೇಳ್ತೀರಿ ಅಂತ ಕಾದೆನ್ರಿ. ನಿಮ್ಮ ಉಪಾಸ ಯಾರರ ಹಿಡೀಬೇಕಲ್ರಿ, ನಾ ಹಿಡ್ದೆ."

ಈಗಲಾದರೂ ಉಣ್ಣು ಎಂದು ಬೇಡಿಕೊಂಡೆ. ಇಲ್ಲಿಯ ಮಠಕ್ಕೆ ಹೋಗಿ ಸ್ವಾಮಿಗಳ ಎದುರು ಬಾಯಿಬಿಟ್ಟು ಹೇಳಿದ ಮೇಲೆಯೇ ಉಣ್ಣುತ್ತಾಳಂತೆ. ಹೇಳದಿದ್ದರೆ?

"ತವರಿಗಿ ಬಿಡ್ರಿ. ಲಿಂಗ ಇಲ್ದ ಸುಳ್ಳ ಪೂಜಿಗಿ ಕೂತವ್ರು ನನ್ನ ಮುಂದ ಖರೆ ಹೇಳ್ತೀರೇನು?"

ಕೂಗಲಿಲ್ಲ, ಅಳಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

ಖುರ್ದಾದ ೧೬. ಬೆಳಿಗ್ಗೆ

ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡೆ. ನೋಡಲಾಗಲಿಲ್ಲ. ಧೂಳು, ತಿಗಣೆ, ಉಗುಳು ಎಂದು ಊರೆಲ್ಲ ಹೇಸಿಕೊಂಡು ಬಂದೆನಲ್ಲ! ಇವುಗಳಲ್ಲಿ ಯಾವುದೂ ನನ್ನಷ್ಟು ಹೊಲಸಲ್ಲ.

ಬಂಡಿ ಕಟ್ಟಿದೆ. ಮಠಕ್ಕೆ ಎಂದು ಉಸ್ಮಾನ ಮಿಯಾನಿಗೆ ನಾನೇ ಹೇಳಿದ್ದೇನೆ. ಗುರಮ್ಮ ಬುತ್ತಿಯ ಗಂಟು ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ, ಕಂಬ ಹಿಡಿದು. ಗಂಟು ಬಿಚ್ಚಿಲ್ಲ. ಹೇಳಬೇಕಾದ ಮಾತನ್ನು ಇಲ್ಲಿ ಬರೆದುಕೊಂಡು ಹೋಗುತ್ತೇನೆ, ಅಲ್ಲಿ ಮಾತು ತಿರುಚಬಾರದು.

ಸ್ವಾಮಿಗಳೇ, ಕರಡಿಗೆಯ ಮುಚ್ಚಳ ಸಡಿಲವಾಗಿತ್ತು, ಪತ್ತಾರನಿಗೆ — ಛೀ, ಮತ್ತೆ ಮುಚ್ಚಳದ ಮೇಲೆ ಹಾಕುತ್ತಿದ್ದೇನೆ.

ಸ್ವಾಮಿಗಳೇ, ಲಿಂಗ ಇಲ್ಲವೆಂದು ಗೊತ್ತಿದ್ದೂ ನಾನು ಉಂಡೆ. ಮೂರು ದಿನ ಉಂಡೆ. ನಾನು ಹಿಡಿಯಬೇಕಾದ ಉಪವಾಸವನ್ನು ನನ್ನ ಹೆಂಡತಿ ಹಿಡಿದಳು.