ಗೊಬ್ಬರಕ್ಕೂ ಬೀಜಕ್ಕೂ ನಡುವಿನ ಮಣ್ಣು

ನಮ್ಮ ವಾರ್ಡಿನ ಮಾನ್ಯ ಕೃಷಿ ಅಧಿಕಾರಿಗಳೇ,

ತಾವು ತೋರಿಸಿಕೊಟ್ಟಂತೆಯೇ ಬಿತ್ತಿದೆವು, ಮೆಕ್ಕೆಜೋಳ ಹುಟ್ಟಲಿಲ್ಲ. ಎಲ್ಗಾನ್ ಬೆಟ್ಟದ ಕೆಳಗಿನ ನಾವು ಇಲಾಖೆಯ ಮಾತು ಕೇಳುವುದಿಲ್ಲವೆಂದು ಸಭೆ ಸಭೆಯಲ್ಲೂ ಕೊರಗುತ್ತಿದ್ದಿರಲ್ಲ, ಈ ಸಲ ಚಾಚೂ ತಪ್ಪದೆ ಕೇಳಿದ್ದೇವೆ.

ಮಳೆಗೆ ಮುಂಚೆ ಊರ ಮುಖ್ಯಸ್ಥರ ಅಂಗಳದಲ್ಲಿ ತಾವು ನಡೆಸಿದ ಪ್ರಾತ್ಯಕ್ಷಿಕೆ ನೆನಪಿದೆಯೇ? ಗುಣಿ ತೋಡಿಸಿದಿರಿ. ಸೋಡಾ ಬಾಟಲಿಯ ಮುಚ್ಚಳದಿಂದ ಅಳೆದು ಬಿತ್ತನೆಗೆಂದು ತಂದ ಪೇಟೆ ಗೊಬ್ಬರ ಸುರಿದಿರಿ. ಅಷ್ಟರಲ್ಲಿ ಫೋಟೋದವನು ಕರೆದ. ತಾವು ಎದ್ದು, ಅಂಗಿ ಸರಿಮಾಡಿಕೊಂಡು ನಕ್ಕಿರಿ. ನಗು ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಮತ್ತೆ ಬಗ್ಗಿ ಬೀಜ ಹಾಕಿ ಮುಚ್ಚಿದಿರಿ. ಗೊಬ್ಬರದ ಮೇಲೆ ಮೊದಲು ಒಂದಿಷ್ಟು ಮಣ್ಣೆಳೆದು ಆಮೇಲೆ ಬೀಜವಿಡಬೇಕೆಂಬ ಮಾತು ಫೋಟೋದ ಗಡಿಬಿಡಿಯಲ್ಲಿ ಉಳಿದೇಹೋಯಿತು. ತಲತಲಾಂತರದಿಂದ ಸಗಣಿ ಗೊಬ್ಬರದ ಮೇಲೇ ಬೀಜವಿಟ್ಟು ಬೆಳೆದ ನಮಗೆ ಅದು ಹೊಳೆಯುವುದಾದರೂ ಹೇಗೆ?

ನಮ್ಮಲ್ಲಿ ಬಿತ್ತನೆಗೆ ಇಡೀ ಕೇರಿ ಸಾಲಾಗಿ ನಿಲ್ಲುತ್ತದೆ. ಒಬ್ಬರು ಗೊಬ್ಬರ, ಹಿಂದಿನವರು ಬೀಜ, ಅವರ ಹಿಂದಿನವರು ಕಾಲಿನಿಂದ ಮಣ್ಣು. ಹಿರಿಯರ ಹೊಲ ಮೊದಲು. ಹಾಗಾಗಿ ಗೌರವಪೂರ್ವಕವಾಗಿ ಮೊದಲು ಬಿತ್ತಿ ಬೀಜ ಸುಟ್ಟದ್ದು ಮುದುಕಿ ನಖುಮಿಚಾ ಅವರ ಹೊಲದಲ್ಲಿ. ಬೀಜ ಹಾಕುತ್ತಿದ್ದ ವಲುಬೆಂಗೋ ಗುಣಿಗೊಮ್ಮೆ ಎದ್ದು ನಿಂತು ನಗುತ್ತಿದ್ದ.

"ಲೋ, ಹಲ್ಲು ಕಿರಿಯೋದು ಬಿಟ್ಟು ಬೀಜ ಹಾಕೋ!" ಎಂದರು ನಖುಮಿಚಾ.

"ಸಾಹೇಬ್ರು ಹೀಗೇ ಮಾಡಿದ್ದು ಕಣಜ್ಜಿ. ನಡುವೆ ನಗ್ದೇ ಬೆಳೆ ಕೈ ಕೊಟ್ರೆ ಯಾರು ಜವಾಬ್ದಾರಿ?"

ಎಲ್ಲರೂ ನಕ್ಕೆವು. ಅವತ್ತೇ ಜೋರು ಮಳೆ ಹಿಡಿದು ಉಳಿದವರ ಬಿತ್ತನೆ ನಿಂತಿತು, ಬದುಕಿದೆವು. ಮಳೆ ಬಿಟ್ಟ ಮೇಲೂ ಮುದುಕಿಯ ಹೊಲ ಬೋಳಾಗಿಯೇ ಇತ್ತು. ಕೆದಕಿದರೆ ಮೊಳಕೆ ಕಂದಿ, ಗೊಬ್ಬರಕ್ಕೆ ಅಂಟಿಕೊಂಡಿತ್ತು.

"ಸಗಣಿ ಒಂದಿನಾನೂ ಬೀಜ ಸುಡ್ಲಿಲ್ಲ. ಈ ಪೇಟೆ ಗೊಬ್ಬರಕ್ಕೆ ಇಷ್ಟು ಸಿಟ್ಟು ಯಾಕವ್ವಾ?" ಎಂದರು ನಖುಮಿಚಾ. ಆಮೇಲೆ ಕೆದಕಿದ ಗುಣಿ ಮುಚ್ಚುತ್ತಾ, "ಮೊಮ್ಮಕ್ಕಳಿಗೆ ಉಗಾಲಿ ಮುದ್ದೆ ಯಾವ ಹಿಟ್ಟಲ್ಲಿ ತಿರುವಲಿ?" ಎಂದರು. ನನಗೆ ತಮ್ಮ ಮೇಲೆ ನಿಜವಾಗಿ ಸಿಟ್ಟು ಬಂದದ್ದು ಆಗಲೇ.

ಗೊಬ್ಬರ ಒಳ್ಳೆಯದೇ, ಒಪ್ಪುತ್ತೇನೆ. ಎಳೆ ಬೇರು ಇಳಿದು ಮುಟ್ಟುವಷ್ಟು ಹತ್ತಿರವಿರಬೇಕು, ಬೀಜಕ್ಕೆ ತಾಗಬಾರದು. ಇಷ್ಟನ್ನು ಹೇಳಲು ಎಷ್ಟು ಹೊತ್ತು ಬೇಕಿತ್ತು? ಕ್ಯಾಮೆರಾ ಅಷ್ಟು ಕಾಯುತ್ತಿರಲಿಲ್ಲವೇ? ಆ ಫೋಟೋ ಈಗ ತಮ್ಮ ಕಚೇರಿಯ ಗೋಡೆಯಲ್ಲಿ 'ಯಶಸ್ವಿ ಪ್ರಾತ್ಯಕ್ಷಿಕೆ' ಎಂಬ ಹೆಸರಲ್ಲಿ ನೇತಾಡುತ್ತಿದೆಯಂತೆ. ಅಭಿನಂದನೆಗಳು.

ಶನಿವಾರ ಆ ಹೊಲವನ್ನು ಮತ್ತೆ ಬಿತ್ತುತ್ತೇವೆ. ತಾವು ಬರಲೇಬೇಕು, ಫೋಟೋದವನು ಬೇಡ. ಸಾಲಿನಲ್ಲಿ ತಮಗೆ ಜಾಗ ಇಟ್ಟಿದ್ದೇವೆ: ಗೊಬ್ಬರ ಹಾಕುವ ನನ್ನ ಹಿಂದೆ, ಬೀಜವಿಡುವ ನಖುಮಿಚಾ ಅವರ ಮುಂದೆ. ಗುಣಿ ಗುಣಿಗೂ ಬಗ್ಗಿ ನಡುವಿನ ಮಣ್ಣೆಳೆಯುವ ಕೆಲಸ ತಮ್ಮದು. ಬೀಜವನ್ನು ಮನೆಮನೆಯವರು ತಂತಮ್ಮ ಬಿತ್ತನೆಯ ಪಾಲಿನಿಂದ ಹಿಡಿ ಹಿಡಿ ತೆಗೆದು ಕೊಟ್ಟಿದ್ದಾರೆ. ಇದೂ ಸುಟ್ಟರೆ ಕೊಡಲು ಇನ್ನು ಯಾರ ಮನೆಯಲ್ಲೂ ಇಲ್ಲ.

ಇಂತಿ,
ಇಷ್ಟಾದರೂ ತಮ್ಮ ಮಾತು ಕೇಳುವ,
ನಸಾಂಬು ವೆಕುಲೋ