ವಾಪಸು ಬಂದ ನವಣೆ

೧೪ ನವೆಂಬರ್ ೧೯೩೬, ಶನಿವಾರ. ಹೊಸಪೇಟೆ.

ಎದ್ದಾಗಿನಿಂದ ವಾಪಸು ಬಂದ ನವಣೆಯದೇ ಚಿಂತೆ. ಬ್ರಾಹ್ಮಣರ ಕೇರಿಯ ಕೃಷ್ಣಾಬಾಯಿ ಬಾಣಂತಿ ಮಗಳಿಗೆಂದು ನನ್ನ ಅಂಗಡಿಯಿಂದ ತರಿಸಿ, ಅಕ್ಕಿಗೆ ಇಡುವಷ್ಟೇ ನೀರಿಟ್ಟು ಬೇಯಿಸಿ, ಗಂಟಲಲ್ಲಿ ಇಳಿಯುವುದಿಲ್ಲವೆಂದು ಉಳಿದದ್ದನ್ನು ತಿರುಗಿ ಕಳಿಸಿದ್ದರು. ಅವರು ಬೇಡವೆಂದರೆ ಇಡೀ ಕೇರಿ ಬೇಡವೆನ್ನುತ್ತದೆ. ಅದನ್ನು ಬೆಳೆದ ಬಂಡ್ರಿಯ ಹಂಪಮ್ಮನೋ ಬೆಳಿಗ್ಗೆ ಅಂಗಡಿಗೆ ಬಂದು, "ಇಲ್ಲೂ ಮಾರಾಟ ಆಗಲಿಲ್ಲಂದ್ರ ಮುಂದಿನ ವರ್ಷ ಬರೇ ಶೇಂಗಾ ಬಿತ್ತತೀನ್ರಿ ಅಣ್ಣಾ" ಎಂದಳು. ತಲೆಕೆಟ್ಟು, ಆ ನವಣೆಯೊಂದಿಗೆ ಆಕೆಯನ್ನೇ ಕೃಷ್ಣಾಬಾಯಿಯವರ ಮನೆಗೆ ಕರೆದೊಯ್ದೆ; ಇನ್ನೊಮ್ಮೆ ಬೇಯಿಸಿ ನೋಡಲು ಅವರು ಒಪ್ಪಿದರು.

ಮಡಿಯ ಅಡುಗೆಮನೆ. ಹಂಪಮ್ಮ ಹಿತ್ತಲ ಬಾಗಿಲಾಚೆ ಕುಳಿತೇ ಹೇಳಿಕೊಟ್ಟಳು.

"ಇನ್ನೊಂದು ತಂಬಿಗಿ ನೀರು ಹಾಕ್ರಿ ಅಮ್ಮಾರ. ಕುದಿ ಬಂತೇನ್ರಿ? ಈಗ ಮುಚ್ರಿ."

ಬೆಂದಿದೆಯೋ ಇಲ್ಲವೋ ಕೃಷ್ಣಾಬಾಯಿಗೆ ತಿಳಿಯಲಿಲ್ಲ. ನೈವೇದ್ಯವಾಗದೆ ರುಚಿ ನೋಡುವಂತಿಲ್ಲ. ಕೊನೆಗೆ ಬಾಳೆಲೆಯ ಚೂರಿನಲ್ಲಿ ಒಂದು ತುತ್ತು ತಂದು ಹೊಸ್ತಿಲ ಮೇಲಿಟ್ಟರು.

"ನೀನೇ ನೋಡಿ ಹೇಳವಾ ಹಂಪಮ್ಮ. ದೇವರಿಗೆ ನಾ ಹೇಳ್ಕೋತೀನಿ."

ಹಂಪಮ್ಮ ಬಾಯಿಗಿಟ್ಟುಕೊಂಡು, ಬೆಂದಿದೆಯೆಂದು ತಲೆಯಾಡಿಸಿದಳು. ಕೃಷ್ಣಾಬಾಯಿ ಮತ್ತೆ ಎರಡು ಸೇರು ಕಳಿಸಲು ಹೇಳಿದರು, ಪಕ್ಕದ ಮನೆಯವರಿಗೂ ಸೇರಿಸಿ.

ನಾನು ಹಿಗ್ಗಿ ಹೋಗಿದ್ದೆ. ಹಂಪಮ್ಮ ದಾರಿಯಲ್ಲಿ ಶೇಂಗಾದ ಮಾತೇ ಎತ್ತಲಿಲ್ಲ.

"ಕೂಸು ಗಂಡೋ ಹೆಣ್ಣೋ ಅಣ್ಣಾ?" ಎಂದಳು.

ಇಷ್ಟು ಸಲ ಹೋಗಿಬಂದರೂ ನಾನು ಕೇಳಿಯೇ ಇಲ್ಲ. ನಾಳೆ ನವಣೆ ಕೊಡುವಾಗ ಮೊದಲು ಅದನ್ನೇ ಕೇಳಬೇಕು.