ಕಾಶ್ಯಪ ಗೋತ್ರದ ಹುಡುಗ

ಹೊಳೆನರಸೀಪುರ
೧೪-೧೨-೨೦೦೩, ಭಾನುವಾರ

ಚಿರಂಜೀವಿ ಗಿರಿಧರನಿಗೆ,

ನಿನ್ನ ಅಮ್ಮ ಮಾಡುವ ಆಶೀರ್ವಾದಗಳು. ನಾನು, ನಿನ್ನ ಅಕ್ಕ ಹಂಸ, ಅವಳ ಮಕ್ಕಳು ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಕಾಗದ ಬಂದು ತಿಂಗಳಾಯಿತು. ಶಾಲೆಯ ಪರೀಕ್ಷೆ, ಅರಕಲಗೂಡಿನ ಬಸ್ಸು ಎಂದು ನೆಪ ಹೇಳಬಹುದಿತ್ತು. ಹೆಡ್‌ಮೇಡಂ ಆಗಿ ದಿನಾ ಮಕ್ಕಳ ನೆಪ ಕೇಳಿ ಸಾಕಾದವಳು ನಾನು. ಏನು ಬರೆಯಬೇಕೆಂದು ತೋಚಲಿಲ್ಲ, ಅಷ್ಟೆ.

ಹೇಮಾವತಿಯಲ್ಲಿ ಮುಳುಗಿದ ಊರುಗಳ ನಿನ್ನ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂದಮೇಲೆ ಇಲ್ಲೆಲ್ಲ ನಿನ್ನದೇ ಸುದ್ದಿ. ಹತ್ತು ವರ್ಷದ ಹಿಂದೆ ನೀನು ಯಾರದೋ ಕ್ಯಾಮೆರಾ ಕಡ ತಂದು ದೊಡ್ಡಗದ್ದವಳ್ಳಿಯಲ್ಲಿ ರಾಗಿ ಒಕ್ಕುವವರ ಚಿತ್ರ ತೆಗೆಯುತ್ತಿದ್ದಾಗ "ಟೀಚರ್ ಮಗ ಕೆಟ್ಟ" ಎಂದವರೇ ಈಗ "ನಮ್ಮ ಹುಡುಗ" ಎನ್ನುತ್ತಾರೆ. ಗೆದ್ದೆತ್ತಿನ ಬಾಲ ಹಿಡಿಯುವ ಜನ.

ನಿನ್ನ ಚಿತ್ರದಲ್ಲಿ ತೆಪ್ಪದ ಮೇಲೆ ನಿಂತು ಮುಳುಗಿದ ಮನೆಯ ಜಾಗ ತೋರಿಸಿದ ಶೆಟ್ಟಿಹಳ್ಳಿಯ ಲಕ್ಕಯ್ಯ ಮೊನ್ನೆ ಅವರೆಕಾಯಿ ಹೊತ್ತು ಬಂದಿದ್ದ. "ನನ್ ಮನೆಯ ಡೆಲ್ಲಿಗಂಟ ತೋರುಸ್ಬುಟ್ಟ ಕಣವ್ವಾ ನಿನ್ ಮಗ. ಆ ಮಾವೀರಪ್ಪ ಮೈಕ್ ಇಡ್ಕಂಡು ಎದೆಮಟ್ಟ ನೀರ್ನಾಗೆ ನಿಂತಿದ್ದ. ಅವ್ನು ಸೀನುದ್ರೆ ನಿನ್ ಮಗ ಟವಲ್ ತಂದ್ಕೊಡೋನು" ಎಂದ. ಅವನು ಪೇಪರು ಓದಿದವನಲ್ಲ, ಕಂಡದ್ದನ್ನು ಹೇಳಿದ.

ನಾನು ಪೇಪರು ಓದಿದ್ದೆ. ಚನ್ನರಾಯಪಟ್ಟಣದ ಧನ್ಯಕುಮಾರರ ಮಗ ಮಹಾವೀರನೇ ನಿನ್ನ ಬಾಳಸಂಗಾತಿ, ಹೆಣ್ಣನ್ನು ಮದುವೆಯಾಗುವುದಿಲ್ಲ ಎಂದು ನೀನು ಸಂದರ್ಶನದಲ್ಲಿ ಹೇಳಿದ್ದೆ. ಎರಡು ದಿನ ನನಗೆ ಊಟ ಸೇರಲಿಲ್ಲ. ಹಂಸ ಮಾತ್ರ "ನಂಗೆ ಯಾವತ್ತೋ ಅನ್ಸಿತ್ತಮ್ಮ" ಎಂದು ಅವರೆಕಾಳು ಹಿಸುಕುತ್ತಾ ಕೂತಳು.

ಆಮೇಲೆ ನಿನ್ನ ಕಾಗದ. "ಊರಿನ ಸನ್ಮಾನಕ್ಕೆ ನೀನು ಕರೆದರೆ ಇಬ್ಬರೂ ಬರುತ್ತೇವೆ, ಇಲ್ಲವಾದರೆ ನಾನೂ ಬರುವುದಿಲ್ಲ" ಎಂದು ಬರೆದಿದ್ದೀಯ. ಶುಕ್ರವಾರ ಸನ್ಮಾನ ಮಾಡುವ ಸಂಘದ ರಾಮಣ್ಣನವರು ಬಂದರು. "ನಮ್ಮಲ್ಲಿ ದಂಪತೀನ ಜೊತೇಲಿ ಕೂರ್ಸಿ ಶಾಲು ಒದ್ಸೋದು ವಾಡಿಕೆ ಮೇಡಂ. ಗಿರಿಧರಪ್ಪ ಒಬ್ರೇ ಬತ್ತಾರೋ, ಎಂಗೆ?" ಎಂದು ಕೇಳಿದರು. ಅವರೂ ಪೇಪರು ಓದಿದವರೇ. ನಾಳೆ ಹೇಳುತ್ತೇನೆಂದು ಕಾಫಿ ಕೊಟ್ಟು ಕಳಿಸಿದೆ.

ನಿನ್ನೆ ನರಸಿಂಹಸ್ವಾಮಿಗೆ ನಿನ್ನ ಹೆಸರಿನಲ್ಲಿ ಅರ್ಚನೆ ಮಾಡಿಸಲು ಹೋದೆ. ಅರ್ಚಕ ಮುರಳೀಕೃಷ್ಣ ನನ್ನ ಶಿಷ್ಯನೇ, ಮಗ್ಗಿ ಬಾರದೆ ಅಳುತ್ತಿದ್ದವನು. ನಿನ್ನ ಗೋತ್ರ, ನಕ್ಷತ್ರ ಅವನಿಗೇ ಗೊತ್ತು. "ಬೇರೆ ಹೆಸರೇನಾದ್ರೂ ಸೇರಿಸ್ಬೇಕಾ ಟೀಚರ್?" ಎಂದ. ನನ್ನ ಬಾಯಿಂದ ಮಹಾವೀರ ಎಂದು ಬಂತು.

"ಗೋತ್ರ?"

"ಗೊತ್ತಿಲ್ಲಪ್ಪ. ಜೈನರ ಹುಡುಗ."

ಅವನು ತುಳಸಿ ಕೈಗೆತ್ತಿಕೊಂಡ. "ಗೊತ್ತಿಲ್ದೋರಿಗೆ ಕಾಶ್ಯಪ ಗೋತ್ರ ಹೇಳೋದು ಟೀಚರ್. 'ಮ' ಅಕ್ಷರ, ಮಖಾ ನಕ್ಷತ್ರ ಇಟ್ಕೊಳೋಣ" ಎಂದವನೇ ಇಬ್ಬರ ಹೆಸರನ್ನೂ ಒಂದೇ ಸಂಕಲ್ಪದಲ್ಲಿ ಹೇಳಿ ತುಳಸಿ ಏರಿಸಿದ. ಧನ್ಯಕುಮಾರರಿಗೆ ತಿಳಿದರೆ ಜಗಳಕ್ಕೆ ಬಂದಾರು. ನನಗೆ ಮಾತ್ರ ಎದೆ ಹಗುರಾಯಿತು. ಬರುವಾಗ ರಾಮಣ್ಣನವರ ಮನೆ ಹೊಕ್ಕು ಎರಡು ಶಾಲು ತರಿಸಿ ಎಂದೆ. ಅವರು ತಲೆ ಕೆರೆದುಕೊಂಡರು, ಆಮೇಲೆ "ಆಗ್ಲಿ ಬುಡಿ ಮೇಡಂ" ಎಂದರು. ಯಾರಾದರೂ ಏನಾದರೂ ಅಂದಾರು. ಅನ್ನಲಿ, ಅವರ ಮಕ್ಕಳಿಗೂ ಅಕ್ಷರ ಕಲಿಸಿದವಳು ನಾನೇ.

ಇಬ್ಬರೂ ಬನ್ನಿ. ಮಹಾವೀರ ಹೊತ್ತು ಮುಳುಗುವ ಮುಂಚೆ ಉಣ್ಣುವವನಾದರೆ ತಿಳಿಸು, ಅಡುಗೆ ಬೇಗ ಮುಗಿಸುತ್ತೇನೆ. ಇಬ್ಬರಿಗೂ ಆ ಸ್ವಾಮಿ ಆಯುಸ್ಸು, ಆರೋಗ್ಯ ಕೊಡಲಿ.

ನಿನ್ನ ಅಮ್ಮ,
ಕಾವೇರಮ್ಮ

ಮರೆತಿದ್ದೆ: ಮರೆತಿರಲಿಲ್ಲ, ಮೇಲೆ ಬರೆಯಲು ಆಗಲಿಲ್ಲ. ಮನೆಯಲ್ಲಿ ಹೇಳಿದ್ದೀರಾ ಎಂದು ಆ ಪೇಪರಿನವನು ಕೇಳಿದ್ದಕ್ಕೆ "ಅಮ್ಮ ತಡೆದುಕೊಳ್ಳಲಾರಳು" ಎಂದಿದ್ದೀಯ. ನಿನ್ನಪ್ಪ ತೀರಿಕೊಂಡಾಗ ಹದಿಮೂರನೆಯ ದಿನ ಕಳೆದ ಮಾರನೆಯ ಬೆಳಿಗ್ಗೆಯೇ ಶಾಲೆಗೆಂದು ಅರಕಲಗೂಡಿನ ಬಸ್ಸು ಹತ್ತಿದವಳು ನಾನು. ನೀನು ಯಾರ ಯಾರ ಮನೆ ಜಗಲಿಯ ಮೇಲೋ ಕೂತು ಅವರ ಹೊಟ್ಟೆಯೊಳಗಿನದನ್ನು ಕೇಳಿ ಪ್ರಶಸ್ತಿ ತಂದೆ. ನಾನು ಏನನ್ನು ತಡೆದುಕೊಳ್ಳಬಲ್ಲೆ ಎಂದು ನನ್ನನ್ನೇ ಒಂದು ಸಲ ಕೇಳಬಹುದಿತ್ತು ಕಣೋ.